ಬೇಲಿ ದಾಟುವ ತಟ್ಟೆಗಳು

ವಸಂತವೆಂದೊಡನೆ ಕವಿಗಳಿಗೆ ಕೋಗಿಲೆ, ಮಾಮರ, ಮಲ್ಲಿಗೆ ನೆನಪಾಗುತ್ತವೆ. ಭಟ್ಕಳ, ಹೊನ್ನಾವರ, ಕುಮಟಾಗಳ ನಮ್ಮ ಕಥೋಲಿಕ ಮನೆಗಳಿಗೆ ಅದೇ ವಸಂತವು ಹಣೆಯ ಮೇಲಣ ಬೂದಿಯೊಡನೆ ಬರುತ್ತದೆ. ಹಿತ್ತಿಲ ಗೇರುಮರದಲ್ಲಿ ಹಣ್ಣು ಕೆಂಪೇರುವುದಕ್ಕೂ ತಪಸ್ಸುಕಾಲ ಆರಂಭವಾಗುವುದಕ್ಕೂ ಸರಿಹೋಗುತ್ತದೆ. ನೆಲ, ಮರ, ಹೊಳೆ, ಸಮುದ್ರಗಳೆಲ್ಲ ಕೈಬಿಚ್ಚಿ ಕೊಡುವ ದಿನಗಳಲ್ಲಿಯೇ ಧರ್ಮಸಭೆಯು ನಮಗೆ ಸ್ವಲ್ಪ ತಾಳಿರಿ ಎನ್ನುತ್ತದೆ. ಶೀತದೇಶಗಳಲ್ಲಿ ಚಳಿಗಾಲ ಮುಗಿಯುವ ಹೊತ್ತಿಗೆ ಕಣಜವೇ ಬರಿದಾಗಿರುತ್ತಿದ್ದುದರಿಂದ ಉಪವಾಸವು ಅಲ್ಲಿನ ಋತುವಿಗೆ ಹೊಂದಿಕೊಳ್ಳುತ್ತಿತ್ತು. ನಮ್ಮ ಕರಾವಳಿಯಲ್ಲಿ ಹಾಗಲ್ಲ. ಇಲ್ಲಿ ತಪಸ್ಸಿಗೆ ಕುಳಿತವನ ಮೂಗಿಗೆ ಮಾವು, ಗೇರು, ಹಲಸುಗಳ ವಾಸನೆ ಬಿಡದೆ ಬಡಿಯುತ್ತಿರುತ್ತದೆ.

ನಿಯಮಗಳೇನೋ ಈಗ ಸಡಿಲವಾಗಿವೆ. 1966ರಲ್ಲಿ ಪೋಪ್ ಆರನೆಯ ಪೌಲರು ಹೊರಡಿಸಿದ ಆದೇಶದ ನಂತರ ಕಡ್ಡಾಯ ಉಪವಾಸವು ಬೂದಿ ಬುಧವಾರ ಮತ್ತು ಶುಭ ಶುಕ್ರವಾರಗಳಿಗೆ ಸೀಮಿತವಾಯಿತು. ಉಳಿದಂತೆ ಶುಕ್ರವಾರಗಳಲ್ಲಿ ಮಾಂಸವರ್ಜನೆ. ಮೀನಿಗೆ ಅಡ್ಡಿಯಿಲ್ಲವೆಂದು ವಿಧಿಸಿದ ಹಿರಿಯರು ನಮ್ಮ ತದಡಿಯ ಬಂದರನ್ನೋ ಕಾಸರಕೋಡಿನ ದಡವನ್ನೋ ಕಂಡವರಾಗಿರಲಾರರು. ಸಿಗಡಿಯ ಸಾರನ್ನು ಅನ್ನದ ಮೇಲೆ ಸುರಿದುಕೊಂಡು, ಇಂದು ಮಾಂಸ ಬಿಟ್ಟಿದ್ದೇವೆ ಎನ್ನುವ ನಮ್ಮನ್ನು ಕಂಡು ನೆರೆಮನೆಯ ಭಟ್ಟರು ನಕ್ಕರೆ ಅವರ ಮೇಲೆ ಕೋಪಿಸಿಕೊಳ್ಳುವಂತಿಲ್ಲ. ನಮ್ಮ ಅಜ್ಜಿಯಂದಿರು ಈ ಸಂಕೋಚವನ್ನು ಬಲ್ಲವರಾಗಿದ್ದರು. ಅವರು ತಪಸ್ಸುಕಾಲದ ಶುಕ್ರವಾರಗಳಲ್ಲಿ ಮೀನನ್ನೂ ಬಿಟ್ಟು ಗಂಜಿ, ಚಟ್ನಿ, ಸುಟ್ಟ ಹಪ್ಪಳಗಳಲ್ಲಿ ದಿನ ಕಳೆಯುತ್ತಿದ್ದರು. ಎಲೆಯಡಿಕೆಯ ಸಂಚಿಯನ್ನು ನಲವತ್ತು ದಿನಗಳ ಮಟ್ಟಿಗೆ ಪೆಟ್ಟಿಗೆಯಲ್ಲಿಡುತ್ತಿದ್ದರು. ಸಂಚಿ ಒಳಗೆ ಹೋದ ಮೊದಲ ವಾರ ಅವರ ಮುಂದೆ ಸುಳಿಯಲು ಸೊಸೆಯಂದಿರು ಅಂಜುತ್ತಿದ್ದರೆಂಬುದೂ ನಿಜ.

ಆದರೆ ತಾಳಿಕೊಳ್ಳುವುದು ನಮ್ಮದೊಂದೇ ಗುತ್ತಿಗೆಯಲ್ಲ. 2025ರ ವಸಂತವನ್ನೇ ನೋಡೋಣ. ಮಾರ್ಚ್ ಮೊದಲ ವಾರದಲ್ಲಿ ರಂಜಾನ್ ಉಪವಾಸಗಳು ಆರಂಭವಾದವು; ಮಾರ್ಚ್ 5ರಂದು ಬೂದಿ ಬುಧವಾರ. ಮಾರ್ಚ್ 14ರ ಶುಕ್ರವಾರದಂದು ಹೋಳಿಯ ಬಣ್ಣ, ರಂಜಾನಿನ ಜುಮ್ಮಾ ನಮಾಜು, ನಮ್ಮ ಶಿಲುಬೆಯ ಹಾದಿ ಮೂರೂ ಒಂದೇ ದಿನ ಕೂಡಿದವು. ಮಾರ್ಚ್ 30 ಯುಗಾದಿ, ಮರುದಿನವೇ ಈದ್. ಏಪ್ರಿಲ್ 6ರಂದು ರಾಮನವಮಿ, 18ರಂದು ಶುಭ ಶುಕ್ರವಾರ, 20ರಂದು ಪಾಸ್ಖ ಹಬ್ಬ. ಇವುಗಳ ನಡುವೆ, ಯಾವ ಪಂಚಾಂಗಕ್ಕೂ ಸೇರದ, ಆದರೆ ಎಲ್ಲ ಮನೆಗಳೂ ಸಮನಾಗಿ ಹೆದರುವ ಎಸ್ಸೆಸ್ಸೆಲ್ಸಿ ಪರೀಕ್ಷೆ. ಒಂದೇ ಕೇರಿಯಲ್ಲಿ ಒಂದು ಮನೆ ಸೂರ್ಯ ಮುಳುಗುವುದನ್ನು ಕಾಯುತ್ತಿದ್ದರೆ, ಇನ್ನೊಂದು ಶುಕ್ರವಾರ ಕಳೆಯುವುದನ್ನು ಕಾಯುತ್ತಿತ್ತು, ಮತ್ತೊಂದು ಹೋಳಿಗೆಗೆ ಬೇಳೆ ನೆನೆಹಾಕಿ ಕುಳಿತಿತ್ತು.

ಮೂವರ ಲೆಕ್ಕಕ್ಕೂ ಚಂದ್ರನೇ ಯಜಮಾನನೆಂಬುದನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ಯುಗಾದಿ ಅಮಾವಾಸ್ಯೆಯ ಮರುದಿನದ ಪಾಡ್ಯಕ್ಕೆ. ಈದ್ ಬಾಲಚಂದ್ರನ ದರ್ಶನಕ್ಕೆ. ನಮ್ಮ ಪಾಸ್ಖವಾದರೋ ಮಾರ್ಚ್ 21ರಂದು ಅಥವಾ ಅನಂತರ ಬರುವ ಮೊದಲ ಹುಣ್ಣಿಮೆಯ ತರುವಾಯದ ಭಾನುವಾರಕ್ಕೆ. ಮೀನುಗಾರರನ್ನು ಕೇಳಿದರೆ ತಿಥಿಯನ್ನು ಅವರು ಸಮುದ್ರದ ಭರತ-ಇಳಿತಗಳಲ್ಲಿಯೇ ಓದಿ ಹೇಳುತ್ತಾರೆ. ಇಸ್ಲಾಮಿನ ವರ್ಷವು ಸೌರವರ್ಷಕ್ಕಿಂತ ಸುಮಾರು 11 ದಿನ ಕಿರಿದಾದ್ದರಿಂದ ರಂಜಾನ್ ಋತುವಿನಿಂದ ಋತುವಿಗೆ ಸರಿಯುತ್ತ ಹೋಗುತ್ತದೆ. ಅದು ತಪಸ್ಸುಕಾಲದ ಜೊತೆಗೆ ಹೀಗೆ ಹೆಜ್ಜೆ ಹಾಕುವುದು ಮೂವತ್ತು ಚಿಲ್ಲರೆ ವರ್ಷಗಳಿಗೊಮ್ಮೆ ಬರುವ ಕೆಲವೇ ವಸಂತಗಳಲ್ಲಿ. ಹಿಂದಿನ ಬಾರಿ ಹೀಗೆ ಬಂದಿದ್ದು 1990ರ ದಶಕದ ಆದಿಯಲ್ಲಿ. ಆ ಮಾತಿಗೆ ಮತ್ತೆ ಬರುತ್ತೇವೆ.

ಒಬ್ಬರು ಮೌನವಾಗಿರುವಾಗ ಇನ್ನೊಬ್ಬರು ಹಾಡುವುದೆಂದರೇನೆಂಬುದಕ್ಕೆ ಗುಮಟೆಯಷ್ಟು ಒಳ್ಳೆಯ ಸಾಕ್ಷಿ ನಮಗೆ ಕಾಣದು. ಎರಡೂ ಕಡೆ ಬಾಯುಳ್ಳ ಮಣ್ಣಿನ ಮಡಕೆ. ದೊಡ್ಡ ಬಾಯಿಗೆ ಚರ್ಮ ಬಿಗಿದು ಬಲಗೈಯಿಂದ ಬಾರಿಸುತ್ತ, ಚಿಕ್ಕ ಬಾಯಿಯನ್ನು ಎಡಗೈಯಿಂದ ಮುಚ್ಚಿ ತೆರೆದು ನಾದವನ್ನು ಏರಿಳಿಸಬೇಕು. ಹಿಂದೆ ಉಡದ ಚರ್ಮವನ್ನು ಬಿಗಿಯುತ್ತಿದ್ದರು. ವನ್ಯಜೀವಿ ಸಂರಕ್ಷಣಾ ಕಾಯಿದೆಯ ತರುವಾಯ ಆಡಿನ ಚರ್ಮ ಬಂದಿದೆ. ಗೋವೆಯಿಂದ ಬಂದ ನಮ್ಮ ಪೂರ್ವಜರು ಇದನ್ನು ಘುಮಟ್ ಎಂದು ಕರೆದು ಮದುವೆಯ ರೋಸ್ ಶಾಸ್ತ್ರದಲ್ಲಿ, ಮಾಂಡೊ ಹಾಡುಗಳಲ್ಲಿ ನುಡಿಸಿದರು. ಕುಮಟಾ, ಅಂಕೋಲಾ, ಹೊನ್ನಾವರಗಳ ಹಾಲಕ್ಕಿ ಒಕ್ಕಲಿಗರಲ್ಲಿ ಅದೇ ವಾದ್ಯವು ಗುಮಟೆಪಾಂಗಾಗಿ ಸುಗ್ಗಿಯ ದಿನಗಳಲ್ಲಿ ಮೊಳಗುತ್ತದೆ. ಬೂದಿ ಬುಧವಾರ ಬಂತೆಂದರೆ ನಮ್ಮ ಘುಮಟು ಅಟ್ಟವೇರುತ್ತದೆ, ತಪಸ್ಸುಕಾಲದಲ್ಲಿ ಮದುವೆಯೂ ಇಲ್ಲ, ಮೋಜಿನ ಹಾಡೂ ಇಲ್ಲ. ಸರಿಯಾಗಿ ಅದೇ ಹೊತ್ತಿಗೆ, ಹೋಳಿ ಹುಣ್ಣಿಮೆ ಸಮೀಪಿಸುತ್ತಿದ್ದಂತೆ, ತಲೆಯ ಮೇಲೆ ಬಣ್ಣದ ತುರಾಯಿ ಧರಿಸಿದ ಸುಗ್ಗಿಯ ತಂಡಗಳು ಮನೆಯಂಗಳಗಳಿಗೆ ಕುಣಿಯುತ್ತ ಬರುತ್ತವೆ. ನಮ್ಮ ಮಕ್ಕಳು ಜಗುಲಿಯಲ್ಲಿ ಕುಳಿತು, ತಾವು ಕುಣಿಯದೆ, ಕುಣಿಯುವವರನ್ನು ನೋಡುತ್ತಾರೆ. ಕಾಲು ಮಾತ್ರ ಅಲುಗದಿರುವುದಿಲ್ಲ. ಅಷ್ಟು ಮಟ್ಟಿನ ನಿಯಮಭಂಗವನ್ನು ಯಾವ ಧರ್ಮಗುರುಗಳೂ ಪಾಪನಿವೇದನೆಯಲ್ಲಿ ಕೇಳಲಿಕ್ಕಿಲ್ಲ. 2025ರ ಸುಗ್ಗಿ ಬರುವ ಮುನ್ನವೇ, ಫೆಬ್ರವರಿ 13ರಂದು, ಅಂಕೋಲಾದ ಬಡಿಗೇರಿಯ ಸುಕ್ರಿ ಬೊಮ್ಮಗೌಡರು ತೀರಿಕೊಂಡರು. ಸಾವಿರಾರು ಹಾಡುಗಳನ್ನು ನಾಲಗೆಯ ಮೇಲೆ ಇಟ್ಟುಕೊಂಡಿದ್ದ, 2017ರಲ್ಲಿ ಪದ್ಮಶ್ರೀ ಪಡೆದ ಆ ಹಿರಿಯಜ್ಜಿಯಿಲ್ಲದ ಸುಗ್ಗಿಯು ಆ ಸಮಾಜಕ್ಕೆ ಮಾತ್ರವಲ್ಲ, ಕೇಳಿ ಬೆಳೆದ ಎಲ್ಲ ಜಗುಲಿಗಳಿಗೂ ಬಣಗುಟ್ಟಿತು.

ಇನ್ನು ಅಂಗಳಕ್ಕೆ ಇಳಿಯೋಣ. ಮಾರ್ಚಿನಿಂದ ಮೇ ತಿಂಗಳವರೆಗೆ ನಮ್ಮ ಸೀಮೆಯ ಅಂಗಳವೆಂದರೆ ಮಳೆಗಾಲದ ಉಗ್ರಾಣ. ಒಂದು ಮೂಲೆಯಲ್ಲಿ ಚಾಪೆಯ ಮೇಲೆ ಹಲಸಿನ ಹಪ್ಪಳ, ಇನ್ನೊಂದರಲ್ಲಿ ಮುರುಗಲ ಸಿಪ್ಪೆ, ಮೊರದಲ್ಲಿ ಮೆಣಸಿನಕಾಯಿ, ಗೋಣಿಯ ಮೇಲೆ ಗೇರುಬೀಜ. ಇವನ್ನೆಲ್ಲ ಕಾಯಲು ರಜೆಯ ಹುಡುಗನೊಬ್ಬ, ಕೈಯಲ್ಲೊಂದು ಕೋಲು. ಕಾಗೆಗಳಿಗೆ ಹುಡುಗನಿಗೆ ನಿದ್ದೆ ಬರುವ ನಿಮಿಷವು ನಿಖರವಾಗಿ ತಿಳಿದಿರುತ್ತದೆ. ಗೇರುಹಣ್ಣಿನ ರಸ ಬಿದ್ದ ಬಿಳಿಯ ಅಂಗಿಯ ಕಲೆ ಯಾವ ಸಾಬೂನಿಗೂ ಹೋಗದು. ಬೀಜವನ್ನು ಬೂದಿಯಲ್ಲಿ ಸುಟ್ಟು ಆತುರಪಟ್ಟು ಕಚ್ಚಿದರೆ ಸಿಪ್ಪೆಯ ಎಣ್ಣೆ ತಗುಲಿ ತುಟಿ ಸುಲಿಯುತ್ತದೆ. ಮಾವಿನ ಮರಕ್ಕೆ ಹತ್ತಿದವನಿಗೆ ಚಗಳಿ ಇರುವೆಗಳ ಸ್ವಾಗತ. ಬೆಳಗಿನ ನಾಲ್ಕಕ್ಕೇ ಕೂಗಲಾರಂಭಿಸುವ ಕೋಗಿಲೆಯನ್ನು ಹೊಗಳಿದ ಕವಿಗಳಲ್ಲಿ ಪರೀಕ್ಷೆಗೆ ಓದಿ ಹನ್ನೆರಡಕ್ಕೆ ಮಲಗಿದವರು ಯಾರೂ ಇರಲಿಲ್ಲವೆಂದು ತೋರುತ್ತದೆ. ಅದೇ ಹೊತ್ತಿಗೆ ವಿದ್ಯುತ್ತು ಹೋಗಿ ಫ್ಯಾನು ನಿಂತರಂತೂ ಸೊಳ್ಳೆಗಳು ಕೋಗಿಲೆಯ ಜೊತೆಗೆ ಶ್ರುತಿ ಸೇರಿಸುತ್ತವೆ.

ಈ ಅಂಗಳದಲ್ಲಿಯೇ ನೆರೆಹೊರೆಯ ಪರೀಕ್ಷೆಯೂ ನಡೆಯುತ್ತದೆ. ಏಪ್ರಿಲಿನ ಯಾವುದೋ ಮಧ್ಯಾಹ್ನ, ಘಟ್ಟದ ಕಡೆ ಮೋಡ ಕಪ್ಪಾಗಿ, ಒಮ್ಮೆಲೆ ಗಾಳಿ ಎದ್ದು, ದಪ್ಪ ಹನಿಗಳು ಉದುರತೊಡಗುತ್ತವೆ. ಮನೆಯವರು ಪೇಟೆಗೋ ಇಗರ್ಜಿಗೋ ಹೋಗಿರುತ್ತಾರೆ. ಮರಳಿ ಬರುವಾಗ ಎದೆ ಹೊಡೆದುಕೊಳ್ಳುತ್ತಿರುತ್ತದೆ. ಒಂದು ವಾರದ ದುಡಿಮೆ ನೀರು ಪಾಲಾಯಿತೆಂದೇ ಅಂದುಕೊಂಡಿರುತ್ತಾರೆ. ಬಂದು ನೋಡಿದರೆ ಅಂಗಳ ಬರಿದಾಗಿದೆ, ಜಗುಲಿಯ ಮೇಲೆ ಹಪ್ಪಳದ ಚಾಪೆ ಮಡಚಿಟ್ಟಿದೆ. ಬೇಲಿಯಾಚೆಯಿಂದ ಒಂದು ದನಿ: “ಅಕ್ಕಾ, ಹಪ್ಪಳ ಒಳಗಿಟ್ಟಿದ್ದೇನೆ. ಮೆಣಸು ಮಾತ್ರ ಸ್ವಲ್ಪ ನೆನೆಯಿತು ನೋಡಿ.” ಹಿಂದಿನ ದಿನವಷ್ಟೇ ಇದೇ ಎರಡು ಮನೆಗಳ ನಡುವೆ ಕೋಳಿಯ ವಿಷಯವಾಗಿ ಮಾತಿಗೆ ಮಾತು ಬೆಳೆದಿತ್ತೆಂದು ಇಟ್ಟುಕೊಳ್ಳಿ. ಮಳೆ ಬಂದಾಗ ಯಾರ ಹಪ್ಪಳವೆಂದು ಕೇಳದೆ ಒಳಗೆ ತರುವುದು ಈ ಸೀಮೆಯ ಅಲಿಖಿತ ಕಾನೂನು. ಅದನ್ನು ಮುರಿದ ಮನೆಯನ್ನು ಕೇರಿ ಬೇಗ ಮರೆಯುವುದಿಲ್ಲ.

ಕಿರಿಕಿರಿಗಳನ್ನು ಮುಚ್ಚಿಟ್ಟು ಸ್ನೇಹವನ್ನಷ್ಟೇ ಹೊಗಳಿದರೆ ಓದುಗರು ನಮ್ಮನ್ನು ನಂಬಲಾರರು. ನಾವು ಒಣಗಲಿಟ್ಟ ಮೀನಿನ ವಾಸನೆ ಗಾಳಿ ತಿರುಗಿದಾಗ ಶಾಕಾಹಾರಿ ನೆರೆಮನೆಯ ದೇವರ ಕೋಣೆಯವರೆಗೂ ಹೋಗುತ್ತದೆ. ಅವರು ನೇರವಾಗಿ ಹೇಳುವುದಿಲ್ಲ. ಕಿಟಕಿಯನ್ನು ಸ್ವಲ್ಪ ಜೋರಾಗಿ ಮುಚ್ಚುತ್ತಾರೆ. ಹಾಗೆಂದು, ಅವರ ಬಯಲಿನಲ್ಲಿ ರಾತ್ರಿಯಿಡೀ ಯಕ್ಷಗಾನವಿದ್ದರೆ ಚಂಡೆಯ ಪೆಟ್ಟಿಗೆ ನಮ್ಮ ಮನೆಯ ಹಸುಗೂಸು ಬೆಚ್ಚಿ ಏಳುತ್ತದೆ, ನಾವೂ ಕಿಟಕಿ ಮುಚ್ಚುತ್ತೇವೆ. ಆದರೂ ಯಕ್ಷಗಾನವನ್ನು ದೂರುವುದು ಹೊನ್ನಾವರದವರಿಗೆ ಶೋಭಿಸದು. ಗುಣವಂತೆಯಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳ, ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಕುಣಿತ ಇವೆಲ್ಲ ಈ ಮಣ್ಣಿನವು. ಬೇಸಿಗೆಯ ರಾತ್ರಿ ಚಾಪೆ ಸುತ್ತಿಕೊಂಡು ಆಟಕ್ಕೆ ಹೋಗಿ, ನಡುರಾತ್ರಿಗೆ ನಿದ್ದೆಹೋಗಿ, ಬೆಳಗಿನ ಜಾವ ರಾಕ್ಷಸನ ಕೂಗಿಗೆ ಎದ್ದ ನೆನಪು ನಮ್ಮ ಅನೇಕ ಕಥೋಲಿಕ ಹಿರಿಯರಿಗೂ ಇದೆ. ತಪಸ್ಸುಕಾಲದಲ್ಲಿ ಆಟಕ್ಕೆ ಹೋಗಬಹುದೇ ಎಂಬ ಪ್ರಶ್ನೆಗೆ ಅವರು ಕಂಡುಕೊಂಡಿದ್ದ ಉತ್ತರ, ಪುರಾಣಕಥೆಯಾದ್ದರಿಂದ ದೋಷವಿಲ್ಲವೆಂಬುದು.

ಉಪ್ಪಿನಕಾಯಿಯ ವಿಷಯದಲ್ಲಿ ಮಾತ್ರ ಎಲ್ಲ ಮನೆಗಳೂ ಒಂದೇ ಮತದವು. ಮಿಡಿಯನ್ನು ಮರದಿಂದ ಉದುರಿಸಬಾರದು, ತೊಟ್ಟಿನೊಡನೆ ಕೊಯ್ಯಬೇಕು. ನೆಲಕ್ಕೆ ಬಿದ್ದು ಪೆಟ್ಟಾದುದು ಭರಣಿಯಲ್ಲಿ ಕೊಳೆತು ಉಳಿದುದನ್ನೂ ಕೆಡಿಸುತ್ತದೆ. ಪರಿಮಳವೆಲ್ಲ ಸೊನೆಯಲ್ಲಿರುವುದರಿಂದ ಅದು ಆರಿಹೋಗುವ ಮುನ್ನ ಉಪ್ಪು ಕಾಣಿಸಬೇಕು. ಉಪ್ಪೆಂದರೆ ಪೊಟ್ಟಣದ ನುಣುಪು ಉಪ್ಪಲ್ಲ, ಕುಮಟಾ ತಾಲ್ಲೂಕಿನ ಸಾಣಿಕಟ್ಟಾದ ಹರಳುಪ್ಪು. ಅಘನಾಶಿನಿಯ ಮುಖದಲ್ಲಿ ಭರತದ ನೀರನ್ನು ಗದ್ದೆಗಳಿಗೆ ಬಿಟ್ಟು, ಬಿಸಿಲಿಗೆ ಆರಿಸಿ, ಹರಳುಗಟ್ಟಿದ್ದನ್ನು ಬಾಚಿ ರಾಶಿ ಹಾಕುವ ಆ ಕೆಲಸ ನಡೆಯುವುದೂ ಈ ತಿಂಗಳುಗಳಲ್ಲಿಯೇ. ನಮ್ಮ ಹಪ್ಪಳವನ್ನು ಕೆಡಿಸುವ ಅಕಾಲದ ಮಳೆ ಅಲ್ಲಿ ಹತ್ತಾರು ಕುಟುಂಬಗಳ ಅನ್ನವನ್ನೇ ಕರಗಿಸುತ್ತದೆಂಬುದನ್ನು ಅಂಗಳದಲ್ಲಿ ನಿಂತು ಮೋಡಕ್ಕೆ ಬೈಯುವಾಗ ನಾವು ನೆನೆಯುವುದಿಲ್ಲ. ಅಪ್ಪೆಮಿಡಿಯ ಮರ ಹವ್ಯಕರ ತೋಟದಲ್ಲಿರುತ್ತದೆ, ಉಪ್ಪು ಸಾಣಿಕಟ್ಟಾದಿಂದ ಬರುತ್ತದೆ, ನಮ್ಮವರು ಅದಕ್ಕೆ ಗೋವೆಯ ಪದ್ಧತಿಯಂತೆ ಉಪ್ಪುನೀರಲ್ಲಿ ಭಾರ ಹೇರಿ ಚೆಪ್ಣಿ ಮಾಡುತ್ತಾರೆ. ಆಷಾಢದಲ್ಲಿ ಗಂಜಿಯ ಜೊತೆಗೆ ತಿನ್ನುವಾಗ ಅದು ಯಾರ ಪದ್ಧತಿಯೆಂದು ನಾಲಗೆ ವಿಚಾರಿಸುವುದಿಲ್ಲ.

ಅಘನಾಶಿನಿಯ ಅಳಿವೆಯ ಹೆಸರು ಬಂದದ್ದರಿಂದ ಒಂದು ಮಾತು. 2024ರಲ್ಲಿ 4,801 ಹೆಕ್ಟೇರಿನ ಈ ಅಳಿವೆಗೆ ರಾಮ್ಸಾರ್ ಜೌಗುಭೂಮಿಯೆಂಬ ಅಂತರರಾಷ್ಟ್ರೀಯ ಮನ್ನಣೆ ದೊರಕಿತು. ಅಲ್ಲಿ ಇಳಿತದ ಹೊತ್ತಿಗೆ ಸೊಂಟಮಟ್ಟದ ನೀರಿನಲ್ಲಿ ನಿಂತು ಬೆಳಚು ಆಯುವ ಹೆಂಗಸರಿಗೆ ಅದರ ಸುದ್ದಿ ತಲುಪಿತೋ ಇಲ್ಲವೋ, ಅವರು ಹೊತ್ತು ತಂದ ಬೆಳಚು ಮಾತ್ರ ತಪಸ್ಸುಕಾಲದ ನಮ್ಮ ಅಡುಗೆಮನೆಗಳಿಗೆ ತಪ್ಪದೆ ತಲುಪುತ್ತದೆ. ತೆಂಗಿನಕಾಯಿ ಹಾಕಿ ಸುಕ್ಕಾ ಮಾಡಿದರೆ, ಮತ್ತೆ ಅದೇ ಪ್ರಶ್ನೆ: ಇದೂ ತಪಸ್ಸೇ?

ಹಾಸ್ಯ ಬಿಟ್ಟು ನೋಡಿದರೆ, ಈ ಋತುವಿನ ನಿಜವಾದ ಕಷ್ಟ ನೀರಿನದು. ಕಡಲು ಮತ್ತು ಹೊಳೆಬಾಯಿಗಳ ಸಮೀಪದ ಬಾವಿಗಳಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲಿಕೊಂಡಿರುತ್ತದೆ. ಏಪ್ರಿಲಿನಲ್ಲಿ ಒರತೆ ಕುಗ್ಗಿ, ಸೇದುವುದು ಹೆಚ್ಚಾದರೆ ಕೆಳಗಿನ ಉಪ್ಪು ಮೇಲೇರುತ್ತದೆ. ಕೊಡದಲ್ಲಿ ಸೇದುತ್ತಿದ್ದಾಗ ನಿಧಾನವಾಗಿ ಆಗುತ್ತಿದ್ದುದು ಪಂಪು ಬಂದ ಮೇಲೆ ಒಂದೇ ಮುಂಜಾನೆಯಲ್ಲಿ ಆಗುತ್ತದೆ. ಒಂದು ಮನೆಯವರು ತೆಂಗಿಗೆ ನೀರು ಬಿಟ್ಟರೆ ಪಕ್ಕದ ಮನೆಯ ಚಹಾ ಉಪ್ಪಾಗುತ್ತದೆ. ಕೇರಿಯಲ್ಲಿ ಎಲ್ಲೋ ಒಂದು ಬಾವಿ ಮಾತ್ರ ಮೇ ಕೊನೆಯವರೆಗೂ ಸಿಹಿಯಾಗಿ ಉಳಿಯುತ್ತದೆ. ಅದು ಯಾರ ಹಿತ್ತಿಲಲ್ಲಿದೆಯೋ ಆ ಮನೆಯವರ ಮನಸ್ಸಿನ ಅಗಲವು ಆಗ ಅಳತೆಗೆ ಸಿಗುತ್ತದೆ. ಬೆಳಿಗ್ಗೆ ಐದಕ್ಕೇ ಕೊಡಗಳ ಸದ್ದು, ಸರದಿಯ ಜಗಳ, ಹಗ್ಗ ಸವೆಯಿತೆಂಬ ಗೊಣಗಾಟ, ಎಲ್ಲವೂ ಉಂಟು. ಆದರೂ ಗೇಟಿಗೆ ಬೀಗ ಹಾಕಿದ ಮನೆಗಳಿಗಿಂತ ತೆರೆದಿಟ್ಟ ಮನೆಗಳನ್ನೇ ನಾವು ಹೆಚ್ಚಾಗಿ ಕಂಡಿದ್ದೇವೆ. ಮನೆಯೊಡತಿ ರಂಜಾನ್ ಉಪವಾಸದಲ್ಲಿದ್ದು ತಾನು ಹಗಲೆಲ್ಲ ಒಂದು ಹನಿ ಕುಡಿಯದೆ, ಬಂದವರ ಕೊಡ ತುಂಬಿಸಿ ಕಳುಹಿಸುವುದುಂಟು.

ಇದೇ ಇಳಿಹೊತ್ತಿನ ಭಟ್ಕಳದ ಪೇಟೆಯಲ್ಲಿ ನಿಂತರೆ ಕಿವಿಗೊಂದು ಬೇರೆ ಹಬ್ಬ. ನಮ್ಮ ಕೊಂಕಣಿ, ಸಾರಸ್ವತರ ಕೊಂಕಣಿ, ಖಾರ್ವಿಗಳ ಕೊಂಕಣಿ, ಅರಬಿ-ಪಾರ್ಸಿ ಶಬ್ದಗಳನ್ನು ಬೆರೆಸಿಕೊಂಡ ನವಾಯತರ ನವಾಯತಿ ನಾಲ್ಕೂ ದಾಯಾದಿಗಳಂತೆ ಒಂದನ್ನೊಂದು ಅಣಕಿಸುತ್ತ ಕಲ್ಲಂಗಡಿಯ ಬೆಲೆಯನ್ನು ಚೌಕಾಸಿ ಮಾಡುತ್ತಿರುತ್ತವೆ. ವ್ಯಾಪಾರ ಕುದುರದಿದ್ದರೆ ಎಲ್ಲರೂ ಕನ್ನಡಕ್ಕೆ ಬರುತ್ತಾರೆ. ಭಟ್ಕಳ ಮಲ್ಲಿಗೆಯ ಬೆಲೆ ಈದಿನ ಹಿಂದಿನ ದಿನ ಏರುತ್ತದೆ. ಇಳಿಯಿತೆನ್ನುವಷ್ಟರಲ್ಲಿ ಪಾಸ್ಖದ ನಂತರ ನಮ್ಮ ಮದುವೆಗಳು ಸಾಲುಗಟ್ಟಿ ಮತ್ತೆ ಏರುತ್ತದೆ. ನಲವತ್ತು ದಿನ ತಡೆಹಿಡಿದ ಮದುವೆಗಳೆಲ್ಲ ಒಮ್ಮೆಲೆ ಒಡ್ಡು ಒಡೆದಂತೆ ಬಂದು, ಒಂದೇ ದಿನಕ್ಕೆ ನಾಲ್ಕು ಆಮಂತ್ರಣಗಳು ಬಿದ್ದು, ಯಾವ ಊಟ ಬಿಟ್ಟರೆ ಯಾರಿಗೆ ಸಿಟ್ಟೆಂದು ಲೆಕ್ಕ ಹಾಕುವ ತಾಪತ್ರಯ ನಮ್ಮ ಓದುಗರಿಗೆ ಹೊಸತಲ್ಲ. 1998ರಲ್ಲಿ ಕೊಂಕಣ ರೈಲು ಪೂರ್ಣವಾಗಿ ಓಡತೊಡಗಿ, ಶರಾವತಿಯ ಮೇಲಿನ ಎರಡು ಕಿಲೋಮೀಟರಿಗೂ ಉದ್ದದ ಸೇತುವೆ ದಾಟಿ ಮುಂಬಯಿಯ ನೆಂಟರು ರಾತ್ರಿ ಬೆಳಗಾಗುವುದರಲ್ಲಿ ಬರಲು ಸಾಧ್ಯವಾದ ಮೇಲೆ ಜನಜಂಗುಳಿ ಇನ್ನೂ ಹೆಚ್ಚಿದೆ. ಅವರು ಬಂದರೆ ಸಂತೋಷ. ‘ಎಷ್ಟು ಸೆಖೆಯಪ್ಪಾ’ ಎಂದು ಮೂರು ಹೊತ್ತೂ ಹೇಳದಿದ್ದರೆ ಇನ್ನೂ ಸಂತೋಷ.

ಹಿಂದಿನ ಬಾರಿ ರಂಜಾನ್ ಮತ್ತು ತಪಸ್ಸುಕಾಲಗಳು ಜೊತೆಗೂಡಿದ್ದ ವಸಂತದ ಮಾತನ್ನು ಎತ್ತಿದ್ದೆವು. ಅದು 1993. ಆ ವರ್ಷ ಬೂದಿ ಬುಧವಾರ ಫೆಬ್ರವರಿ 24ರಂದು, ರಂಜಾನಿನ ಆರಂಭವೂ ಅದೇ ವಾರ. ಈದ್ ಮುಗಿದು, ನಮ್ಮ ತಪಸ್ಸುಕಾಲ ಇನ್ನೂ ನಡೆಯುತ್ತಿದ್ದಾಗ, ರಾಮನವಮಿಯ ಹೊತ್ತಿಗೆ ಭಟ್ಕಳದಲ್ಲಿ ಗಲಭೆ ಹೊತ್ತಿಕೊಂಡಿತು. ಅದು ಒಂದು ದಿನದ್ದಾಗಿರಲಿಲ್ಲ. ತಿಂಗಳುಗಟ್ಟಲೆ ಮರುಕಳಿಸಿತು, ಜೀವಗಳು ಹೋದವು, ಅಂಗಡಿಗಳು ಉರಿದವು. 2017ರ ಡಿಸೆಂಬರಿನಲ್ಲಿ ಹೊನ್ನಾವರ, ಕುಮಟಾಗಳ ಸರದಿ. ಯುವಕನೊಬ್ಬನ ಸಾವಿನ ಬೆನ್ನಿಗೆ ಕಲ್ಲುಗಳು ಹಾರಿದವು, ನಿಷೇಧಾಜ್ಞೆ ಬಂತು, ಕ್ರಿಸ್ಮಸ್ ಸಿದ್ಧತೆಯ ದಿನಗಳಲ್ಲಿ ಪೇಟೆ ಬಾಗಿಲೆಳೆದುಕೊಂಡಿತು. ಅಂಥ ದಿನಗಳಲ್ಲಿ ಮೊದಲು ನಿಲ್ಲುವುದು ತಟ್ಟೆಗಳ ಓಡಾಟ. ಯಾರೂ ನಿಷೇಧಿಸಿರುವುದಿಲ್ಲ; ಸೆರಗಿನಡಿ ತಟ್ಟೆ ಹಿಡಿದು ಬೀದಿ ದಾಟಲು ಕಾಲೇಳುವುದಿಲ್ಲ, ಅಷ್ಟೆ. ಕೊಟ್ಟರೆ ತೆಗೆದುಕೊಳ್ಳುತ್ತಾರೋ ಇಲ್ಲವೋ ಎಂಬ ಸಂಶಯ, ತೆಗೆದುಕೊಂಡರೆ ಅವರ ಮನೆಯವರು ಏನೆನ್ನುವರೋ ಎಂಬ ಅಳುಕು. ಎರಡು ಸಮುದಾಯಗಳ ನಡುವೆ ಸಿಕ್ಕ ಸಣ್ಣ ಸಮುದಾಯವಾದ ನಮ್ಮವರೂ ಆಗ ಕಿಟಕಿ ಮುಚ್ಚಿಕೊಂಡು ಒಳಗೇ ಉಳಿದದ್ದು ಹೆಚ್ಚು. ಜೀವಭಯವಿತ್ತೆಂಬುದು ನಿಜ, ಆದರೆ ಆ ದಿನಗಳನ್ನು ನಮ್ಮ ಹೊಗಳಿಕೆಯ ಪಟ್ಟಿಗೆ ಸೇರಿಸಿಕೊಳ್ಳುವಂತಿಲ್ಲ.

ಮತ್ತೆ ಓಡಾಟ ಶುರುವಾಗುವುದೂ ಸಣ್ಣದರಿಂದಲೇ. ಶಾಂತಿಸಭೆಗಳು ನಡೆಯುತ್ತವೆ, ಭಾಷಣಗಳಾಗುತ್ತವೆ; ಅವು ಬೇಡವೆನ್ನುವವರು ನಾವಲ್ಲ. ಆದರೆ ಯಾರದೋ ಮನೆಯ ಬಾಣಂತಿಗೆ ಬೇಕಾದ ಔಷಧಿಯ ಬೇರು ಇನ್ನಾರದೋ ಹಿತ್ತಿಲಲ್ಲಿ ಮಾತ್ರ ಸಿಗುತ್ತದೆ; ಕೇಳಲೇಬೇಕಾಗುತ್ತದೆ. ಕೇಳಲು ಹೋದವರು ಬರಿಗೈಯಲ್ಲಿ ಹೋಗುವುದಿಲ್ಲ. ಭಟ್ಕಳದಲ್ಲಿ ರಾಮನವಮಿಯ ರಥೋತ್ಸವಕ್ಕೆ ಮುನ್ನ ಚನ್ನಪಟ್ಟಣ ಹನುಮಂತ ದೇವಸ್ಥಾನದವರು ಊರಿನ ಹಳೆಯ ಮುಸ್ಲಿಂ ಮನೆತನಕ್ಕೆ ಹೋಗಿ ಆಮಂತ್ರಣ ನೀಡುವ ವಾಡಿಕೆಯಿದೆ. ಹೊನ್ನಾವರ ತಾಲ್ಲೂಕಿನ ಚಂದಾವರದಲ್ಲಿ ಸಂತ ಫ್ರಾನ್ಸಿಸ್ ಝೇವಿಯರರ ಡಿಸೆಂಬರ್ 3ರ ಹಬ್ಬಕ್ಕೆ ಮೇಣದಬತ್ತಿ ಹಿಡಿದು ಬರುವವರಲ್ಲಿ ಕ್ರೈಸ್ತರಲ್ಲದವರೂ ಬಹಳ. ಇವು ಮನೆಗಳ ತಟ್ಟೆಯ ಲೆಕ್ಕವನ್ನೇ ಊರು ದೊಡ್ಡದಾಗಿ ಬರೆದದ್ದು.

ನಮ್ಮ ಚಿಂತೆ ಇರುವುದು ಬೇರೆ ಕಡೆ. ತಟ್ಟೆ ಹೊತ್ತೊಯ್ಯಲು ಒಬ್ಬ ಮಗು ಬೇಕು. ದೊಡ್ಡವರು ಹೋದರೆ ಕುಳಿತುಕೊಳ್ಳಬೇಕು, ಚಹಾ ಕುಡಿಯಬೇಕು, ಹೊತ್ತಾಗುತ್ತದೆ. ಮಗುವಾದರೆ ಕೊಟ್ಟು ಓಡಿ ಬರುತ್ತದೆ. ಆ ಓಟದಲ್ಲಿ ಅದು ಕಲಿಯುವುದು ಬಹಳವಿದೆ. ಯಾವ ಮನೆಗೆ ಮೊಟ್ಟೆ ಹಾಕಿದ ಕೇಕು ಒಯ್ಯಬಾರದು, ಯಾವ ಮನೆಗೆ ಹಗಲಲ್ಲಿ ತಿಂಡಿ ಒಯ್ದರೆ ಮಗ್ರಿಬ್ ಬಾಂಗಿನವರೆಗೆ ಮುಚ್ಚಿಡುತ್ತಾರೆ, ಯಾವ ಅಜ್ಜಿಯ ಎದುರು ಚಪ್ಪಲಿ ಹೊರಗೆ ಬಿಡಬೇಕು, ಇದೆಲ್ಲ ಉಪದೇಶದ ತರಗತಿಯಲ್ಲಿ ಬರುವುದಿಲ್ಲ. ಈಗ ಹಲವು ಮನೆಗಳಲ್ಲಿ ಮಕ್ಕಳು ಬೆಂಗಳೂರು, ಮುಂಬಯಿ, ಕೊಲ್ಲಿ ದೇಶಗಳಲ್ಲಿದ್ದಾರೆ. ಇರುವ ಮಕ್ಕಳಿಗೆ ಮಾರ್ಚಿನಲ್ಲಿ ಪರೀಕ್ಷೆ, ಏಪ್ರಿಲಿನಲ್ಲಿ ಶಿಬಿರ, ಉಳಿದ ಹೊತ್ತು ಮೊಬೈಲು. ದಾಸವಾಳದ ಬೇಲಿ ಇದ್ದಲ್ಲಿ ಆಳೆತ್ತರದ ಕಲ್ಲಿನ ಗೋಡೆ ಎದ್ದಿದೆ. ಹಪ್ಪಳಕ್ಕೆ ಮಳೆ ಬಂದರೂ ಆಚೆಯವರಿಗೆ ಕಾಣದು. ಹಬ್ಬದ ಶುಭಾಶಯ ವಾಟ್ಸಪ್ಪಿನಲ್ಲಿ ಎಲ್ಲ ಮನೆಗಳಿಗೂ ಒಂದೇ ಕ್ಷಣದಲ್ಲಿ ಹೋಗುತ್ತದೆ, ಅಷ್ಟೇ ಬೇಗ ಮರೆತೂ ಹೋಗುತ್ತದೆ. ಪರೀಕ್ಷೆಯ ನಡುವೆಯೂ ಹತ್ತು ನಿಮಿಷ ಬಿಡುವು ಮಾಡಿಸಿ ಮಗುವಿನ ಕೈಗೆ ತಟ್ಟೆ ಕೊಟ್ಟು ಕಳುಹಿಸುವ ತಾಯಂದಿರು ನಮ್ಮ ಧರ್ಮಕೇಂದ್ರಗಳಲ್ಲಿ ಇನ್ನೂ ಇದ್ದಾರೆ. ಅಂಕ ಒಂದೆರಡು ಕಡಿಮೆಯಾದೀತೆಂದು ಅವರು ಹೆದರಿದಂತಿಲ್ಲ.

ಗರಿಗಳ ಭಾನುವಾರದ ಹಿಂದಿನ ದಿನ ತೆಂಗಿನ ಎಳೆಯ ಗರಿ ಬೇಕು. ನಮ್ಮ ಮರ ಹತ್ತಲು ನಮಗೆ ಬರುವುದಿಲ್ಲ. ಹತ್ತಿ ಕೊಯ್ದು ಕೊಡುವವರು ಬಹುಪಾಲು ನೆರೆಯ ಹಿಂದೂ ಸೋದರರು. ಸುಳಿಗೆ ಪೆಟ್ಟಾಗದಂತೆ ಎಷ್ಟು ಗರಿ ಕೀಳಬಹುದೆಂದು ಅವರೇ ಬಲ್ಲರು. ಪವಿತ್ರ ಗುರುವಾರದ ಸಂಜೆಯ ಬಲಿಪೂಜೆಯಲ್ಲಿ ಮಹಿಮಾಗಾನದ ನಂತರ ಇಗರ್ಜಿಯ ಗಂಟೆ ಮೌನವಾಗುತ್ತದೆ. ಪಾಸ್ಖ ಜಾಗರಣೆಯ ರಾತ್ರಿಯವರೆಗೆ ಅದರ ಸದ್ದಿಲ್ಲ. ದಿನವೂ ಸಂಜೆಯ ಗಂಟೆಗೆ ದೀಪ ಹಚ್ಚುವ, ಹಾಲು ಕರೆಯುವ ನೆರೆಮನೆಗಳಿಗೆ ಆ ದಿನಗಳಲ್ಲಿ ಹೊತ್ತು ತಪ್ಪುತ್ತದೆ. ‘ಇವತ್ತು ನಿಮ್ಮ ಗಂಟೆ ಯಾಕೆ ಆಗಲಿಲ್ಲ’ ಎಂದು ಕೇಳುವುದು ಹೊಸದಾಗಿ ಬಂದವರು ಮಾತ್ರ. ಹಳಬರು ಕೇಳುವುದಿಲ್ಲ, ಶುಕ್ರವಾರ ತಮ್ಮ ಮನೆಯ ಟೇಪಿನ ದನಿಯನ್ನೂ ತಗ್ಗಿಸುತ್ತಾರೆ. ಶನಿವಾರ ರಾತ್ರಿ ಗಂಟೆ ಮೊಳಗಿದಾಗ ಅವರ ನಾಯಿ ಬೊಗಳುತ್ತದೆ, ಅವರು ಅದನ್ನು ಗದರಿಸುತ್ತಾರೆ.

ಪಾಸ್ಖದ ಭಾನುವಾರ ಮಧ್ಯಾಹ್ನ ನಮ್ಮ ಮನೆಗಳಿಂದ ಸಾನ್ನ, ಸಿಹಿತಿಂಡಿಗಳ ತಟ್ಟೆಗಳು ಹೊರಡುತ್ತವೆ. ಈದಿನ ಶಾವಿಗೆ ಬಿರಿಯಾನಿ ಬಂದ ತಟ್ಟೆ, ಯುಗಾದಿಯ ಹೋಳಿಗೆ ಬಂದ ಡಬ್ಬಿ ಇನ್ನೂ ನಮ್ಮ ಕಪಾಟಿನಲ್ಲಿಯೇ ಇದ್ದವು. ಅವುಗಳೂ ಇದೇ ನೆಪದಲ್ಲಿ ಮರಳುತ್ತವೆ. ಖಾಲಿ ತಟ್ಟೆಯನ್ನು ಹಿಂದಿರುಗಿಸುವುದು ಇಲ್ಲಿ ಅವಮಾನ. ಆದ್ದರಿಂದಲೇ ನಮ್ಮ ಒಳ್ಳೆಯ ಸ್ಟೀಲ್ ತಟ್ಟೆಗಳು ವಾರಗಟ್ಟಲೆ ಹಿಂದೆ ಬರುವುದಿಲ್ಲ, ಅತ್ತೆಯಂದಿರು ಎಣಿಸಿ ಎಣಿಸಿ ಗೊಣಗುತ್ತಾರೆ, ಹೆಸರು ಕೊರೆಸಿದ ತಟ್ಟೆಯನ್ನೇ ಯಾಕೆ ಕೊಟ್ಟೆ ಎಂದು ಸೊಸೆಯನ್ನು ಕೇಳುತ್ತಾರೆ. ತಟ್ಟೆಗೆ ತಕ್ಕುದು ಸಿಗುವವರೆಗೆ ಆಚೆಮನೆಯವರೂ ಕಾಯುತ್ತಿರುತ್ತಾರೆ. ಮೇ ತಿಂಗಳಲ್ಲಿ, 2023ರಲ್ಲಿ ಭೌಗೋಳಿಕ ಸೂಚಿಕೆಯ ಮುದ್ರೆ ಪಡೆದ ಅಂಕೋಲಾದ ಕರಿ ಇಶಾಡು ಪೇಟೆಗೆ ಬಂದ ಒಂದು ಸಂಜೆ, ತೆಳುಸಿಪ್ಪೆಯ ನಾಲ್ಕು ಹಣ್ಣುಗಳನ್ನು ಹೊತ್ತು ಆ ತಟ್ಟೆ ಬೇಲಿ ದಾಟಿ ಬರುತ್ತದೆ.